480 ರೂಪಾಯಿಯ ಗ್ಲಾಸ್ ಕವರ್ ಮತ್ತು ಗದಗ ರಸ್ತೆಯ ಖಡಿ

ಕಾರಿನ ಇನ್ಶೂರೆನ್ಸ್ ಪಾಲಿಸಿ ಮುಗಿಯಲು ಎಂಟು ದಿನ ಇದ್ದಾಗ ಏಜೆಂಟರ ಫೋನು ಬಂತು.

"ಸರ, ಈ ಸಲ ಗ್ಲಾಸ್ ಕವರ್ ಹಾಕೂಣೇನ್ರೀ? ಬರೇ ನಾಕನೂರಾ ಎಂಬತ್ತು ರೂಪಾಯಿ. ನೀವಂತೂ ದಿನಾ ಹೈವೇ ಮ್ಯಾಲ ಇರೋರು."

ಸುಳ್ಳೇನಲ್ಲ. ನಾನು ಬೀಜದ ಕಂಪನಿಯೊಂದರಲ್ಲಿ ಸೇಲ್ಸ್ ನೋಡಿಕೊಳ್ಳುವವನು. ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ವಾರಕ್ಕೆ ಎರಡು ದಿನ ಗದಗ, ಎರಡು ದಿನ ಹಾವೇರಿ ದಾಟಿ ರಾಣೆಬೆನ್ನೂರು, ಉಳಿದ ದಿನ ಧಾರವಾಡದ ಕಡೆ. ಬೀಜದ ವ್ಯಾಪಾರ ಅಂದ ಮೇಲೆ ರಾಣೆಬೆನ್ನೂರು ಬಿಟ್ಟು ನಡೆಯುವುದಿಲ್ಲ. ಗಾಡಿ ಏಳು ವರ್ಷದ್ದು, 1,197 ಸಿಸಿಯ ಚಿಕ್ಕ ಪೆಟ್ರೋಲ್ ಕಾರು. ಟಿಪ್ಪರ್, ಲಾರಿಗಳ ಹಿಂದೆ ನಾನು ಕಳೆದಷ್ಟು ಹೊತ್ತು ನಮ್ಮ ಮನೆ ಸೋಫಾದ ಮೇಲೂ ಕಳೆದಿಲ್ಲ.

ಗಾಜಿನ ಸಲುವಾಗಿ ಪಾಲಿಸಿಗೆ ಹೆಚ್ಚಿಗೆ ಸೇರಿಸುವ ಈ ಕವರಿಗೆ 480 ರೂಪಾಯಿ ದೊಡ್ಡದೇನಲ್ಲ. ಎರಡು ಸಲ ದುರ್ಗದ ಬೈಲಿಗೆ ಮನೆಮಂದಿಯನ್ನು ಕರೆದುಕೊಂಡು ಹೋದರೆ ಅಷ್ಟು ಖರ್ಚಾಗುತ್ತದೆ. ಎರಡು ವರ್ಷದ ಹಿಂದೆ ಆಗಿದ್ದರೆ "ಹಾಕ್ರಿ, ಹಾಕ್ರಿ" ಅಂದುಬಿಡುತ್ತಿದ್ದೆ. ಈಗ ಹಾಗೆ ಅನ್ನಲಿಲ್ಲ. "ಅದರ ಕಾಗದ ಕಳಸ್ರಿ, ಓದಿ ಹೇಳ್ತೀನಿ" ಅಂದೆ. ಏಜೆಂಟರು ಒಂದು ಕ್ಷಣ ಸುಮ್ಮನಾದರು. ಪಾಲಿಸಿ ಓದುತ್ತೀನಿ ಅನ್ನುವ ಗಿರಾಕಿ ಅವರಿಗೆ ಹೊಸಬ ಅಂತ ಕಾಣುತ್ತದೆ.

ಈ ಬುದ್ಧಿ ನನಗೆ ಎಲ್ಲಿಂದ ಬಂತು ಅಂದರೆ, ಒಂದು ಗಾಜು ಒಡೆದು.

ಎರಡು ವರ್ಷದ ಹಿಂದೆ, ಡಿಸೆಂಬರ್. ಗದಗಿನಿಂದ ವಾಪಸ್ ಬರುತ್ತಿದ್ದೆ. ಅಣ್ಣಿಗೇರಿ ದಾಟಿದ ಮೇಲೆ ಮುಂದೊಂದು ಖಡಿ ತುಂಬಿದ ಟಿಪ್ಪರ್. ಮೇಲೆ ತಾಡಪತ್ರಿ ಇತ್ತು, ಆದರೆ ಅರ್ಧಕ್ಕೆ ಮಾತ್ರ. ಓವರ್‌ಟೇಕ್ ಮಾಡೋಣ ಅಂತ ಹತ್ತಿರ ಹೋದೆ. ಎದುರಿಗೆ ಬಸ್ ಬಂತು, ಮತ್ತೆ ಹಿಂದೆ ಸರಿದೆ. ಅಷ್ಟರಲ್ಲಿ 'ಟಪ್' ಅಂತ ಸದ್ದು. ಕಲ್ಲು ಮೇಲಿನಿಂದ ಬಿದ್ದದ್ದಲ್ಲ. ಹಿಂದಿನ ಜೋಡಿ ಟೈರಿನ ನಡುವೆ ಸಿಕ್ಕಿಕೊಂಡ ಕಲ್ಲು ಚಿಮ್ಮಿದ್ದು. ಗಾಜಿನ ಎಡಗಡೆ, ಕೆಳಗೆ, ಕಡಲೆಕಾಳಿನಷ್ಟು ಚುಕ್ಕೆ. ಸುತ್ತ ಮೂರು ಸಣ್ಣ ಕಾಲು, ಜೇಡದ ಮರಿಯ ಹಾಗೆ.

ಇಳಿದು ನೋಡಿದೆ. ಉಗುರು ಹಾಯಿಸಿದೆ. ಹೊರಗಡೆ ತಗ್ಗು ಸಿಗುತ್ತದೆ, ಒಳಗಡೆ ನುಣ್ಣಗಿದೆ. ಏನೂ ಆಗಿಲ್ಲ ಅಂದುಕೊಂಡು ಬಂದುಬಿಟ್ಟೆ. ಆವತ್ತು ಟಿಪ್ಪರ್ ನಂಬರ್ ಬರೆದುಕೊಂಡಿದ್ದರೆ ಏನಾದರೂ ಆಗುತ್ತಿತ್ತಾ ಅಂತ ಜನ ಕೇಳುತ್ತಾರೆ. ಆಗುತ್ತಿರಲಿಲ್ಲ. ಆ ಕಲ್ಲು ಅದೇ ಟೈರಿನದ್ದು ಅಂತ ಸಾಬೀತು ಮಾಡುವವರು ಯಾರು?

ಮುಂದಿನ ಗಾಜು ಒಂದೇ ಗಾಜಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ಎರಡು ಗಾಜಿನ ಹಾಳೆ, ನಡುವೆ ಅಂಟಿನಂಥ ಪ್ಲಾಸ್ಟಿಕ್ ಪದರ. ಅದಕ್ಕೇ ಕಲ್ಲು ಬಿದ್ದರೆ ಹೊರಗಿನ ಹಾಳೆ ಮಾತ್ರ ಸೀಳುತ್ತದೆ, ಚೂರು ಮುಖಕ್ಕೆ ಬರುವುದಿಲ್ಲ. ಬಾಗಿಲಿನ ಗಾಜು, ಹಿಂದಿನ ಗಾಜು ಬೇರೆ ಜಾತಿ. ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿ. ಹಿಂದಿನ ಗಾಜನ್ನು ರಿಪೇರಿ ಮಾಡುವ ಮಾತೇ ಇಲ್ಲ. ಮುಂದಿನದನ್ನು ಮಾಡಬಹುದು, ಬೇಗ ಹೋದರೆ.

ನಾನು ಬೇಗ ಹೋಗಲಿಲ್ಲ. ಜನವರಿ, ಫೆಬ್ರವರಿ, ಮಾರ್ಚ್ ಕಳೆಯಿತು. ಚುಕ್ಕೆ ಅಲ್ಲೇ ಇತ್ತು. ಗಾಡಿ ತೊಳೆಯುವ ಹುಡುಗ ಎರಡು ಸಲ ಹೇಳಿದ. ಹೆಂಡತಿಯೂ ಹೇಳಿದಳು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಮುಂದೆ ಬಿಸಿಲಲ್ಲೇ ಗಾಡಿ ನಿಲ್ಲಿಸಿ ಒಂದೂವರೆ ತಾಸು ಲೆಕ್ಕ ಮಾಡುತ್ತ ಕೂತಿದ್ದೆ. ಬಂದು ಬಾಗಿಲು ತೆಗೆದರೆ ಒಳಗೆ ಭಟ್ಟಿ. ಸ್ಟಾರ್ಟ್ ಮಾಡಿದವನೇ ಎಸಿ ಫುಲ್ ಇಟ್ಟು, ಗಾಳಿಯನ್ನು ಗಾಜಿನ ಕಡೆ ತಿರುಗಿಸಿದೆ. ಅರ್ಧ ನಿಮಿಷವೂ ಆಗಿರಲಿಲ್ಲ. ಆ ಚುಕ್ಕೆಯಿಂದ ಒಂದು ಗೆರೆ ಹೊರಟಿತು. ನನ್ನ ಕಣ್ಣೆದುರಿಗೇ, ನಿಧಾನಕ್ಕೆ, ಸದ್ದಿಲ್ಲದೆ. ಮೊದಲು ಒಂದು ಗೇಣು. ಅಲ್ಲಿ ನಿಂತಿತು. ಎಸಿ ಆಫ್ ಮಾಡಿದೆ. ಹಾವೇರಿ ಬರುವಷ್ಟರಲ್ಲಿ ಒಂದು ರಸ್ತೆ ಉಬ್ಬು ಹಾರಿದಾಗ ಮತ್ತೆ ಹರಿದು ಸ್ಟೀರಿಂಗ್ ಮುಂದೆ ಬಂತು. ಹೊರಗಿನ ಹಾಳೆ ಕಾದಿದೆ, ಒಳಗಿನದು ತಣ್ಣಗಾಗಿ ಕುಗ್ಗುತ್ತಿದೆ, ಎಳೆದಾಟದಲ್ಲಿ ಮೊದಲೇ ಸೀಳಿದ ಜಾಗ ಸೋಲುತ್ತದೆ. ಇಷ್ಟೇ ಸಂಗತಿ. ಆದರೆ ಅದನ್ನು ಒಳಗೆ ಕೂತು ನೋಡುವುದಿದೆಯಲ್ಲ, ಹೊಟ್ಟೆ ಚುರ್ ಅನ್ನುತ್ತದೆ.

ಹಾವೇರಿಯಿಂದಲೇ ಏಜೆಂಟರಿಗೆ ಫೋನ್ ಮಾಡಿದೆ. ಆಗ ಬೇರೆ ಏಜೆಂಟರಿದ್ದರು. "ಕ್ಲೇಮ್ ಮಾಡ್ರಿ ಸರ, ಗಾಜಿಗೆ ಫುಲ್ ಸಿಗ್ತೈತಿ" ಅಂದರು. ಹೌದು, ಅದೂ ನಿಜವೇ. ನಮ್ಮಲ್ಲಿ 'ಫುಲ್ ಇನ್ಶೂರೆನ್ಸ್' ಅಂತ ಕರೆಯುವ ಪಾಲಿಸಿಯಲ್ಲಿ ಮುಂದಿನ ಗಾಜು ಮೊದಲಿಂದಲೂ ಸೇರಿದೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಅರ್ಧ ಬೆಲೆ ಕತ್ತರಿಸುತ್ತಾರೆ. ಫೈಬರ್ ಭಾಗಕ್ಕೆ ನೂರಕ್ಕೆ 30. ಗಾಜಿಗೆ ಮಾತ್ರ ಸವಕಳಿ ಅಂತ ಒಂದು ಪೈಸೆ ಕತ್ತರಿಸುವುದಿಲ್ಲ. ಗಾಡಿ ಹತ್ತು ವರ್ಷ ಹಳೆಯದಿದ್ದರೂ ಅಷ್ಟೇ. ಹಾಗಾಗಿ ಬರೀ ಗಾಜಿನ ಸಲುವಾಗಿ ಜೀರೋ ಡೆಪ್ ಅಥವಾ ಬಂಪರ್ ಟು ಬಂಪರ್, ಅಂದರೆ ಸವಕಳಿ ಕತ್ತರಿಸದ ಕವರ್ ತೆಗೆದುಕೊಳ್ಳುವವರು ರೊಕ್ಕ ಸುಮ್ಮನೆ ಕೊಡುತ್ತಾರೆ. ಬಂಪರಿಗೆ ಅದು ಬೇಕು, ಗಾಜಿಗಲ್ಲ.

ಥರ್ಡ್ ಪಾರ್ಟಿ ಮಾತ್ರ ಇದ್ದರೆ ಗಾಜಿಗೆ ಏನೂ ಇಲ್ಲ. ಅಣ್ಣಿಗೇರಿಯಲ್ಲಿ ನಮ್ಮ ಕಾಕಾನ ಮಗ ಹಳೇ ಗಾಡಿಗೆ 3,416 ರೂಪಾಯಿಯ ಥರ್ಡ್ ಪಾರ್ಟಿ ಕಟ್ಟಿ "ಇನ್ಶೂರೆನ್ಸ್ ಐತಲ್ಲ" ಅಂತ ನಿಶ್ಚಿಂತನಾಗಿದ್ದ. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ. ನಮ್ಮ ಗಾಜಿಗಲ್ಲ. 1,000ದಿಂದ 1,500 ಸಿಸಿ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ದರ ಅದು, ಜಿಎಸ್‌ಟಿ ಬೇರೆ.

ಮತ್ತೆ ನನ್ನ ಗಾಜಿಗೆ ಬರೋಣ. ಮರುದಿನ ಶೋರೂಮಿನಲ್ಲಿ ಕೇಳಿದರೆ 9,400 ಅಂದರು. ಗೋಕುಲ ರಸ್ತೆಯ ಕಡೆ ಬರೀ ಗಾಜಿನ ಕೆಲಸವನ್ನೇ ಮಾಡುವ ಒಬ್ಬ ಚಾಚಾ ಇದ್ದಾರೆ. ಅವರ ಹತ್ತಿರ ಹೋದೆ. ಗಾಜು 4,900, ಅಂಟು, ಬೀಡಿಂಗ್, ಕೂಲಿ ಸೇರಿ 1,900. ಒಟ್ಟು 6,800. ಗಾಜಿನ ಮೂಲೆಯಲ್ಲಿ ತಯಾರಿಸಿದ ಕಂಪನಿಯ ಹೆಸರು, ಐಎಸ್‌ಐ ಗುರುತು ತೋರಿಸಿದರು. ನನ್ನ ಹಳೇ ಗಾಜಿನ ಮೇಲೂ ಅದೇ ಕಂಪನಿಯ ಹೆಸರು, ಎಐಎಸ್ ಅಂತ ಇತ್ತು. ಅದನ್ನು ನೋಡದೆ ಗಾಜು ಹಾಕಿಸಬೇಡಿ.

"ಕ್ಲೇಮ್ ಮಾಡ್ತೀನಿ ಚಾಚಾ, ಬಿಲ್ ಬೇಕಾಗ್ತದ" ಅಂದೆ.

ಚಾಚಾ ಕೈಯಲ್ಲಿನ ಚಹಾ ಕೆಳಗಿಟ್ಟರು. "ಬೋನಸ್ ಎಷ್ಟೈತ್ರೀ ನಿಮ್ಮದು?"

"ನಲವತ್ತೈದು."

"ಮೊದಲ ಮನಿಗೆ ಹೋಗಿ ಲೆಕ್ಕಾ ಹಾಕ್ರಿ. ಆಮ್ಯಾಲೆ ಬರ್ರಿ. ನಾ ಗಾಜ ಹಾಕೋಂವ. ನೀವು ರೊಕ್ಕಾ ಕೊಟ್ರೂ ಅಷ್ಟ, ಕಂಪನಿ ಕೊಟ್ರೂ ಅಷ್ಟ."

ಏಜೆಂಟರು ಹೇಳಬೇಕಾಗಿದ್ದ ಮಾತನ್ನು ಗಾಜಿನವರು ಹೇಳಿದರು. ಆ ರಾತ್ರಿ ಊಟ ಆದ ಮೇಲೆ ಮಗಳ ರಫ್ ನೋಟ್‌ಬುಕ್ ತೆಗೆದುಕೊಂಡು ಕೂತೆ.

ಪ್ರೀಮಿಯಂನಲ್ಲಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ. ಅದರ ಮೇಲೆ ಬೋನಸ್ ಇಲ್ಲ, ಕ್ಲೇಮ್ ಮಾಡಿದರೂ ಬಿಟ್ಟರೂ ಅದೇ. ಇನ್ನೊಂದು ನಮ್ಮ ಗಾಡಿಯ ಹಾನಿಯದ್ದು, ಓನ್ ಡ್ಯಾಮೇಜ್. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಕೊಡುವ ರಿಯಾಯಿತಿ, ಸಿಗುವುದು ಇದರ ಮೇಲೆ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ನೂರಕ್ಕೆ 20, ಆಮೇಲೆ ವರ್ಷ ವರ್ಷ 25, 35, 45, ಕೊನೆಗೆ 50. ಅಲ್ಲಿಗೆ ನಿಲ್ಲುತ್ತದೆ. ಒಂದೇ ಒಂದು ಕ್ಲೇಮ್ ಮಾಡಿದರೆ ಒಂದು ಮೆಟ್ಟಿಲು ಇಳಿಯುವುದಲ್ಲ, ಸೀದಾ ಸೊನ್ನೆ. 800 ರೂಪಾಯಿಯ ಕನ್ನಡಿಗೂ ಸೊನ್ನೆ, 80,000ದ ಅಪಘಾತಕ್ಕೂ ಸೊನ್ನೆ.

ನನ್ನ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಕಳೆಯುವ ಮೊದಲು ಆಗ 7,000 ಇತ್ತು. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷದಿಂದ 50ರ ಬೋನಸ್, ಅಂದರೆ ಪ್ರತಿ ವರ್ಷ 3,500 ಕಟ್ಟಿದರೆ ಸಾಕು. ಮಾಡಿದರೆ ಮೊದಲ ವರ್ಷ ಪೂರ್ತಿ 7,000. ಎರಡನೇ ವರ್ಷ 5,600. ಮೂರನೆಯದು 5,250. ಆಮೇಲೆ 4,550. ಐದನೇ ವರ್ಷ 3,850. ಆರನೇ ವರ್ಷಕ್ಕೆ ಮತ್ತೆ 3,500ಕ್ಕೆ ಬಂದು ನಿಲ್ಲುತ್ತೇನೆ. ಹೆಚ್ಚಿಗೆ ಕಟ್ಟಿದ್ದನ್ನು ಕೂಡಿಸಿದೆ. 3,500, 2,100, 1,750, 1,050, 350. ಒಟ್ಟು 8,750. ಅದರ ಮೇಲೆ ನೂರಕ್ಕೆ 18 ಜಿಎಸ್‌ಟಿ. 10,325.

ಇನ್ನು ಕೈಗೆ ಬರುವುದೆಷ್ಟು? 6,800ರಲ್ಲಿ 1,000 ಕಡ್ಡಾಯವಾಗಿ ನಾವೇ ಹಾಕಬೇಕು. 1,500 ಸಿಸಿವರೆಗಿನ ಕಾರಿಗೆ ಅಷ್ಟು, ದಾಟಿದರೆ 2,000. ಹಾಗಾದರೆ ಉಳಿದದ್ದು 5,800. ಅಂದರೆ 5,800 ಇಸಿದುಕೊಳ್ಳಲು ಹತ್ತು ಸಾವಿರದ ಮೇಲೆ ಕಳೆದುಕೊಳ್ಳುವುದು! ಗಾಡಿ ಹಳೆಯದಾದ ಹಾಗೆ ಅದರ ಬೆಲೆ ಇಳಿದು ಪ್ರೀಮಿಯಂ ಕೂಡ ಇಳಿಯುತ್ತದೆ, ಹಾಗಾಗಿ ನಿಜವಾಗಿ ಎಂಟು ಸಾವಿರದ ಆಸುಪಾಸು ಅಂತಿಟ್ಟುಕೊಂಡೆ. ಆದರೂ ನಷ್ಟವೇ.

"ಏನ್ರಿ ಅದು, ಮಗಳ ಗಣಿತಾ ನೀವ ಮಾಡಾಕತ್ತೀರೇನು?" ಅಂತ ಹೆಂಡತಿ ಇಣುಕಿ ನೋಡಿದಳು. ಲೆಕ್ಕ ತೋರಿಸಿದೆ. "ಡಿಸೆಂಬರ್‌ದಾಗ ಚುಕ್ಕಿ ಇದ್ದಾಗ ಹೋಗಿದ್ರ ಎಷ್ಟ ಆಗ್ತಿತ್ತು?" ಅಂದಳು. ಆ ಅಂಕಿ ನಾನು ಬರೆದಿರಲಿಲ್ಲ. ಎಂಟುನೂರು.

ಮರುದಿನ ಸ್ವಂತ ರೊಕ್ಕದಲ್ಲೇ ಗಾಜು ಹಾಕಿಸಿದೆ. ಕೆಲಸ ನೋಡುತ್ತ ನಿಂತಿದ್ದೆ. ವೈಪರ್ ಕಳಚಿದರು, ಕೆಳಗಿನ ಕರಿ ಪ್ಲಾಸ್ಟಿಕ್ ಪಟ್ಟಿ ತೆಗೆದರು. ಆಮೇಲೆ ಒಂದು ತೆಳ್ಳನೆಯ ಉಕ್ಕಿನ ತಂತಿಯನ್ನು ಅಂಟಿನೊಳಗಿಂದ ತೂರಿಸಿ ಒಂದು ತುದಿ ಚಾಚಾ ಹೊರಗೆ, ಇನ್ನೊಂದು ತುದಿ ಹುಡುಗ ಗಾಡಿಯೊಳಗೆ ಹಿಡಿದು, ಕಟ್ಟಿಗೆ ಕೊಯ್ಯುವ ಹಾಗೆ ಹಿಂದೆ ಮುಂದೆ ಎಳೆಯುತ್ತ ಗಾಜಿನ ಸುತ್ತ ಬಂದರು. ಹತ್ತು ನಿಮಿಷಕ್ಕೆ ಗಾಜು ಬಿಟ್ಟುಕೊಂಡಿತು. ಹಳೇ ಅಂಟು ಕೆರೆದು, ಪ್ರೈಮರ್ ಹಚ್ಚಿ, ಗನ್‌ನಿಂದ ಕರಿ ಅಂಟನ್ನು ಒಂದೇ ಎಳೆಯಾಗಿ ಸುತ್ತಲೂ ಹಾಕಿದರು. ಎಲ್ಲಿಯೂ ಕೈ ನಿಲ್ಲಿಸಲಿಲ್ಲ. ನಿಂತರೆ ಅಲ್ಲೇ ನೀರು ಸೋರುತ್ತದಂತೆ. ಎರಡು ರಬ್ಬರ್ ಹಿಡಿಕೆ ಅಂಟಿಸಿ ಹೊಸ ಗಾಜನ್ನು ಎತ್ತಿ ಕೂಡಿಸಿ, ಮೇಲೆ ಟೇಪ್ ಹಚ್ಚಿದರು.

"ನಾಕ ತಾಸ ಅಲ್ಲಾಡಸಬ್ಯಾಡ್ರಿ. ಬಾಗಲಾ ಧಡ್ ಅಂತ ಹಾಕಬ್ಯಾಡ್ರಿ. ಕಿಡಕಿ ಗಾಜ ಒಂದ ಬಟ್ಟ ಇಳಿಸಿ ಇಡ್ರಿ." ಬಾಗಿಲು ಜೋರಾಗಿ ಹಾಕಿದರೆ ಒಳಗಿನ ಗಾಳಿ ಹಸಿ ಅಂಟಿನ ಗಾಜನ್ನು ತಳ್ಳುತ್ತದೆ. ಎರಡು ದಿನ ಗಾಡಿ ತೊಳೆಯಬೇಡಿ ಅಂತಲೂ ಹೇಳಿದರು.

ಅವರು ಹೇಳದ, ನಾನೂ ಯೋಚಿಸದ ಒಂದು ವಿಷಯ ಉಳಿದಿತ್ತು. ಹಳೇ ಗಾಜಿನ ಜೊತೆ ನನ್ನ ಫಾಸ್ಟ್ಯಾಗ್ ಹೋಯಿತು! ಮರುದಿನ ಬಂಕಾಪುರ ಟೋಲ್ ನಾಕಾದಲ್ಲಿ ಗೇಟು ಏಳಲಿಲ್ಲ. ಮೇಲೆ ನೋಡಿದರೆ ಗಾಜು ಖಾಲಿ, ಫಳಫಳ ಹೊಳೆಯುತ್ತಿದೆ. ಹಿಂದೆ ಹಾರ್ನು. ಡಬಲ್ ಕೊಟ್ಟು ಹೋದೆ, ಬರುವಾಗ ಮತ್ತೆ ಡಬಲ್. ಫಾಸ್ಟ್ಯಾಗ್ ಕಿತ್ತು ಇನ್ನೊಂದು ಗಾಜಿಗೆ ಹಚ್ಚುವಂಥದ್ದಲ್ಲ, ಕಿತ್ತರೆ ಹರಿದು ಸತ್ತುಹೋಗುತ್ತದೆ. ಬ್ಯಾಂಕಿಗೆ ಹೇಳಿದರೆ ಅದೇ ಖಾತೆಗೆ ಬದಲಿ ಟ್ಯಾಗ್ ಕೊಡುತ್ತಾರೆ, ಒಳಗಿನ ರೊಕ್ಕ ಹೋಗುವುದಿಲ್ಲ. ಗಾಜು ಹಾಕಿಸುವ ಎರಡು ದಿನ ಮೊದಲೇ ಇದನ್ನು ಮಾಡಿಕೊಳ್ಳಬೇಕು.

ಇಷ್ಟಾದ ಮೇಲೆ ನಾನು ಊರಿಗೆಲ್ಲ "ಗಾಜಿಗೆ ಕ್ಲೇಮ್ ಮಾಡಬ್ಯಾಡ್ರಿ" ಅಂತ ಹೇಳುತ್ತ ತಿರುಗಾಡಿದೆ. ಅದೂ ತಪ್ಪೇ. ಗೊತ್ತಾಗಿದ್ದು ಹೆಂಡತಿಯ ತಮ್ಮನ ಗಾಡಿಯಿಂದ.

ಅವನು ಗದಗಿನಲ್ಲಿದ್ದಾನೆ. ಹೊಸ ಎಸ್‌ಯುವಿ, ತೆಗೆದುಕೊಂಡು ಎಂಟು ತಿಂಗಳು. ಮುಂಡರಗಿ ರಸ್ತೆಯಲ್ಲಿ ಕಲ್ಲು ಬಡಿದು ಗಾಜಿನ ನಟ್ಟನಡುವೆ ಸೀಳು. "ಮಾಮಾ, ನೀವು ಹೇಳಿದ್ರಲ್ಲ, ಕ್ಲೇಮ್ ಬ್ಯಾಡ ಅಂತ, ನಾನ ರೊಕ್ಕಾ ಕೊಡ್ತೀನಿ" ಅಂದ. ಕೊಟೇಶನ್ ಕಳಿಸಿದ. 31,000! ನಾನು ಎದ್ದು ಕೂತೆ. ಅವನ ಗಾಡಿಯ ಗಾಜಿನ ಹಿಂದೆ, ಕನ್ನಡಿಯ ಹತ್ತಿರ ಒಂದು ಕ್ಯಾಮೆರಾ ಇದೆ. ಮುಂದಿನ ಗಾಡಿ, ರಸ್ತೆಯ ಬಿಳಿ ಗೆರೆ ನೋಡಿ ತಾನೇ ಬ್ರೇಕ್ ಹಾಕುವಂಥದ್ದು. ಗಾಜು ಬದಲಾದರೆ ಆ ಕ್ಯಾಮೆರಾದ ಕಣ್ಣನ್ನು ಮತ್ತೆ ಸರಿಹೊಂದಿಸಬೇಕು. ಅದಕ್ಕೆ ಯಂತ್ರ ಬೇಕು, ಚಾಚಾನ ಅಂಗಡಿಯಲ್ಲಿ ಆಗುವ ಕೆಲಸವಲ್ಲ.

ಮತ್ತೆ ಲೆಕ್ಕ ಹಾಕಿದೆ. ಅವನದು ಮೊದಲ ವರ್ಷ, ಬೋನಸ್ ಇನ್ನೂ ಹುಟ್ಟಿಯೇ ಇಲ್ಲ. ಕ್ಲೇಮ್ ಮಾಡದಿದ್ದರೆ 20, 25, 35, 45, 50 ಅಂತ ಹತ್ತುತ್ತಾನೆ. ಮಾಡಿದರೆ 0, 20, 25, 35, 45. ಅಂದರೆ ಒಂದು ವರ್ಷ ಹಿಂದೆ ಬೀಳುತ್ತಾನೆ, ಅಷ್ಟೇ. ವ್ಯತ್ಯಾಸ ಕೂಡಿಸಿದರೆ 20, 5, 10, 10, 5. ಒಟ್ಟು ನೂರಕ್ಕೆ 50. ಅವನ ಓನ್ ಡ್ಯಾಮೇಜ್ 16,000, ಅದರ ಅರ್ಧ 8,000, ಜಿಎಸ್‌ಟಿ ಸೇರಿ 9,440. ಕೈಗೆ ಬರುವುದು 30,000. "ತಮ್ಮಾ, ಇವತ್ತ ಕ್ಲೇಮ್ ಮಾಡು" ಅಂದೆ.

ಅಲ್ಲಿಂದ ನನಗೊಂದು ಅಂದಾಜು ಸಿಕ್ಕಿತು. ಬೋನಸ್ 45 ಅಥವಾ 50 ಇರುವವರು ಕ್ಲೇಮ್ ಮಾಡಿದರೆ ಕಳೆದುಕೊಳ್ಳುವುದು ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂನ ಒಂದೂಕಾಲು ಪಟ್ಟು. 20ರಲ್ಲಿ ಇರುವವರು ನೂರಕ್ಕೆ 80ರಷ್ಟು. ಹೊಸ ಗಾಡಿಯವರು ಅರ್ಧ. ಇದು ಬೋನಸ್ ಕಳೆಯುವ ಮೊದಲಿನ ಪ್ರೀಮಿಯಂ ಹಿಡಿದು ಹಾಕಿದ ಲೆಕ್ಕ, ಜಿಎಸ್‌ಟಿ ಬೇರೆ. ಗಾಜಿನ ಬಿಲ್ಲಿನಲ್ಲಿ 1,000 ಕಳೆದು ಉಳಿದದ್ದು ಇದಕ್ಕಿಂತ ಜಾಸ್ತಿ ಇದ್ದರೆ ಕ್ಲೇಮ್, ಕಮ್ಮಿ ಇದ್ದರೆ ಜೇಬು.

ಒಂದು ಸಂದರ್ಭದಲ್ಲಿ ಈ ಲೆಕ್ಕವೇ ಬೇಡ. ಅದೇ ಪಾಲಿಸಿ ವರ್ಷದಲ್ಲಿ ಬಂಪರಿಗೋ ಬಾಗಿಲಿಗೋ ಆಗಲೇ ಕ್ಲೇಮ್ ಮಾಡಿದ್ದರೆ ಬೋನಸ್ ಹೋಗಿಯೇ ಆಗಿದೆ. ಎರಡು ಸಲ ಹೋಗುವುದಿಲ್ಲ. ಆಗ ಗಾಜು ಒಡೆದರೆ ಕ್ಲೇಮ್ ಮಾಡುವುದೇ ಸರಿ, ಖರ್ಚು 1,000 ಮಾತ್ರ. ನಮ್ಮ ಪಕ್ಕದ ಮನೆಯವರು ದೀಪಾವಳಿಯಲ್ಲಿ ಬಂಪರ್ ಕ್ಲೇಮ್ ಮಾಡಿ, ಫೆಬ್ರವರಿಯಲ್ಲಿ ಗಾಜಿಗೆ ಸ್ವಂತ ರೊಕ್ಕ ಹಾಕಿ ಬಂದಿದ್ದರು. ಹೇಳಿದಾಗ ಹಣೆ ಹಣೆ ಬಡಿದುಕೊಂಡರು.

ಈಗ ಏಜೆಂಟರ 480ರ ಕಾಗದ. ವಾಟ್ಸಾಪ್‌ನಲ್ಲಿ ಬಂತು, ಎರಡು ಪುಟ. ಮೂರು ಸಲ ಓದಿದೆ. ಅದರಲ್ಲಿ ಎಲ್ಲ ಕಡೆ ಒಂದೇ ಪದ, 'ರಿಪೇರಿ'. ಗಾಜಿನ ರಿಪೇರಿಗೆ ಕ್ಲೇಮ್ ಮಾಡಿದರೆ ಬೋನಸ್ ಹೋಗುವುದಿಲ್ಲ, ವರ್ಷಕ್ಕೆ ಒಂದು ಸಲ. ಗಾಜು ಬದಲಾಯಿಸಿದರೆ? ಅದು ಮಾಮೂಲಿ ಕ್ಲೇಮ್, ಬೋನಸ್ ಸೊನ್ನೆ. ಏಜೆಂಟರಿಗೆ ಫೋನ್ ಮಾಡಿ ಕೇಳಿದೆ.

"ಹೌದ್ರೀ ಸರ, ರಿಪೇರಿ ಅಂದ್ರ ಎಲ್ಲಾ ಬರ್ತೈತಲ್ರೀ ಅದರಾಗ."

"ಬದಲಿ ಬರ್ತದೇನು? ಬರದು ಕೊಡ್ರಿ."

ಬರೆದು ಕೊಡಲಿಲ್ಲ. ಅವರನ್ನು ಬಯ್ಯುವುದಿಲ್ಲ, ಅವರೂ ಓದಿರಲಿಕ್ಕಿಲ್ಲ. ಗಾಜು ಬದಲಾಯಿಸಿದರೂ ಬೋನಸ್ ಉಳಿಸುವ ಕವರ್ ಕೊಡುವ ಕಂಪನಿಗಳೂ ಇವೆ. ಹೆಸರು ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಆ ಒಂದು ಪದ ಹುಡುಕಬೇಕು. ನನ್ನ ಮಟ್ಟಿಗೆ, ಚುಕ್ಕೆ ರಿಪೇರಿಗೆ ಹುಬ್ಬಳ್ಳಿಯಲ್ಲಿ ಏಳೆಂಟು ನೂರು. ಅದಕ್ಕಾಗಿ ಪ್ರತಿ ವರ್ಷ 480 ಯಾಕೆ ಕಟ್ಟಲಿ? ಬೇಡ ಅಂದೆ.

ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದಿತ್ತು, ಎನ್‌ಸಿಬಿ ಪ್ರೊಟೆಕ್ಟ್, ಅಂದರೆ ನೋ ಕ್ಲೇಮ್ ಬೋನಸ್ ಕಾಯುವ ಕವರ್. 560, ಜಿಎಸ್‌ಟಿ ಸೇರಿ 661. ವರ್ಷದಲ್ಲಿ ಒಂದು ಕ್ಲೇಮ್ ಮಾಡಿದರೂ ಬೋನಸ್ 50 ಹಾಗೇ ಉಳಿಯುತ್ತದೆ. ಗಾಜು, ಬಂಪರ್, ಏನೇ ಇರಲಿ. ಇದನ್ನು ಏಜೆಂಟರು ಹೇಳಿಯೇ ಇರಲಿಲ್ಲ. ಇದರ ಮೇಲೆ ಒಂದು ಸಂಜೆ ಕಳೆದೆ. ನನ್ನ ಓಡಾಟ ನೋಡಿದರೆ ಮೂರು ನಾಲ್ಕು ವರ್ಷಕ್ಕೊಂದು ಗಾಜು ಹೋಗುತ್ತದೆ ಅಂತಿಟ್ಟುಕೊಳ್ಳೋಣ. ಅಷ್ಟರಲ್ಲಿ ಎರಡೂವರೆ ಸಾವಿರದಷ್ಟು ಕಟ್ಟಿರುತ್ತೇನೆ, ಒಂದು ಗಾಜಿಗೆ 5,800 ಬರುತ್ತದೆ. ಬೋನಸ್ಸೂ ಉಳಿಯುತ್ತದೆ. ಅದರ ಮೇಲೆ ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್‌ನಲ್ಲಿ ಆರು ಪಥದ ಕೆಲಸ ನಡೆದಿತ್ತು. ಎಲ್ಲಿ ನೋಡಿದರೂ ಖಡಿ, ಗರಸು, ಟಿಪ್ಪರ್. ಹೆಂಡತಿ, ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಹೋಗುವಾಗ ನಾನು ಉಣಕಲ್, ನವಲೂರು ಮೇಲಿಂದ ಊರೊಳಗಿನ ರಸ್ತೆಯನ್ನೇ ಹಿಡಿಯುತ್ತೇನೆ. ಕೆಲಸದ ದಿನ ಅಷ್ಟು ಹೊತ್ತು ಸಿಗುವುದಿಲ್ಲ.

ಹಿಂಜರಿಕೆ ಒಂದೇ. ಅದೇ ಕಂಪನಿಯಲ್ಲಿ ಮುಂದುವರಿದರೆ ಮಾತ್ರ ಉಳಿಸಿದ ಬೋನಸ್ ನಡೆಯುತ್ತದೆ ಅಂತ ನನ್ನ ಪಾಲಿಸಿಯಲ್ಲಿ ಬರೆದಿತ್ತು. ಅದಲ್ಲದೆ ಅವರು ಕಾಯುವುದು ನೂರಕ್ಕೆ 50 ಅನ್ನುವ ರಿಯಾಯಿತಿಯನ್ನು, ಪ್ರೀಮಿಯಂನ ಮೂಲ ದರವನ್ನಲ್ಲ. ಕ್ಲೇಮ್ ನೋಡಿ ಮೂಲ ದರ ಏರಿಸಿದರೆ ಕೇಳುವ ಹಾಗಿಲ್ಲ. ಆದರೂ ತೆಗೆದುಕೊಂಡೆ. ತಿಂಗಳಿಗೆ ಎರಡು ಸಲ ಮಾತ್ರ ಗಾಡಿ ತೆಗೆಯುವ ನಮ್ಮ ಪಕ್ಕದ ಮನೆಯವರಿಗೆ ನಾನು ಇದನ್ನು ಹೇಳುವುದಿಲ್ಲ.

ವಾಲಂಟರಿ ಡಿಡಕ್ಟಿಬಲ್ ಅಂತ ಒಂದಿದೆ, ಕ್ಲೇಮಿನಲ್ಲಿ ಇಷ್ಟು ನಾನೇ ಹಾಕುತ್ತೇನೆ ಅಂತ ನಾವಾಗಿ ಒಪ್ಪಿಕೊಳ್ಳುವ ಮೊತ್ತ. ಆನ್‌ಲೈನ್‌ನಲ್ಲಿ ಪ್ರೀಮಿಯಂ ಕಮ್ಮಿ ತೋರಿಸಲು ಜನ ಟಿಕ್ ಮಾಡಿಬಿಡುತ್ತಾರೆ. 2,500 ಅಂತ ಹಾಕಿಕೊಂಡರೆ ಗಾಜಿನ ಬಿಲ್ಲಿನಲ್ಲಿ 1,000 ಮತ್ತು 2,500 ಎರಡೂ ನಿಮ್ಮ ತಲೆ ಮೇಲೆ. ನನ್ನ 6,800ರಂಥ ಬಿಲ್ಲಿನಲ್ಲಿ ಆಮೇಲೆ ಉಳಿಯುವುದು ಅರ್ಧಕ್ಕಿಂತ ಕಮ್ಮಿ. ನಾನು ಅದನ್ನು ಮುಟ್ಟಲಿಲ್ಲ.

ತಾರೀಖು ತಪ್ಪದೆ ರಿನ್ಯೂ ಮಾಡಿದೆ. ಇದರಲ್ಲಿ ನಾನು ಹೆದರುಪುಕ್ಕಲ. ಪಾಲಿಸಿ ಮುಗಿದು 90 ದಿನ ದಾಟಿದರೆ ಅಷ್ಟು ವರ್ಷದ ಬೋನಸ್ ಪೂರ್ತಿ ಹೋಗುತ್ತದೆ. ನಡುವೆ ಒಂದು ದಿನ ತಪ್ಪಿದರೂ ಗಾಡಿಯ ತಪಾಸಣೆ ಮಾಡುತ್ತಾರೆ. ಆಗ ಗಾಜಿನಲ್ಲಿ ಸೀಳು ಕಂಡರೆ ಬರೆದಿಡುತ್ತಾರೆ, ಆ ಗಾಜಿಗೆ ಆಮೇಲೆ ಕ್ಲೇಮ್ ಇಲ್ಲ. ವೈಪರ್ ಉಜ್ಜಿ ಬಿದ್ದ ಗೀರು, ಹಳೆಯದಾಗಿ ಮಂಕಾದ ಗಾಜು, ಇವಕ್ಕಂತೂ ಎಂದೂ ಇಲ್ಲ. ಮತ್ತೆ ಕ್ಲೇಮ್ ಮಾಡುವುದಿದ್ದರೆ ಮೊದಲು ಕಂಪನಿಗೆ ತಿಳಿಸಿ, ಫೋಟೋ ತೆಗೆದು, ಅವರು ನೋಡಿದ ಮೇಲೆಯೇ ಗಾಜು ಬಿಚ್ಚಿಸಬೇಕು. ಹೆಂಡತಿಯ ತಮ್ಮನ ಗಾಡಿಗೆ ಮೊಬೈಲ್ ವಿಡಿಯೋ ಮೇಲೆಯೇ ಸರ್ವೆ ಮುಗಿಯಿತು.

ಹೋದ ತಿಂಗಳು ಮತ್ತೆ ಒಂದು ಕಲ್ಲು ಬಿತ್ತು. ಇಟಿಗಟ್ಟಿ ಹತ್ತಿರ, ಬೈಪಾಸ್‌ನಲ್ಲೇ. ಈ ಸಲ ಗಾಡಿ ಬದಿಗೆ ಹಾಕಿದೆ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪಾರದರ್ಶಕ ಟೇಪ್ ಇಟ್ಟುಕೊಂಡಿದ್ದೇನೆ. ಚುಕ್ಕೆಯ ಮೇಲೆ ಹಚ್ಚಿದೆ, ಧೂಳು, ನೀರು ಒಳಗೆ ಹೋಗದ ಹಾಗೆ. ಎಸಿ ಹಚ್ಚಲಿಲ್ಲ. ಕಿಟಕಿ ಇಳಿಸಿಕೊಂಡು, ಬೆವರುತ್ತ ಸೀದಾ ಗೋಕುಲ ರಸ್ತೆ.

ಚಾಚಾ ಕನ್ನಡಕ ಏರಿಸಿ ನೋಡಿದರು. ಒಂದು ರೂಪಾಯಿ ನಾಣ್ಯ ಇಟ್ಟು ಅಳತೆ ಮಾಡಿದರು. ಚುಕ್ಕೆ ಅದರೊಳಗೇ ಇತ್ತು. "ಟೈಮಿಗೆ ಬಂದ್ರಿ." ಚುಕ್ಕೆಯ ಮೇಲೆ ಸಣ್ಣ ಪಂಪು ಕೂಡಿಸಿ ಒಳಗಿನ ಗಾಳಿ ಎಳೆದು, ಅಂಟಿನ ಹನಿ ಒತ್ತಿದರು. ಜೇಡದ ಕಾಲುಗಳು ಒಂದೊಂದಾಗಿ ಮಾಯವಾದವು. ನೀಲಿ ದೀಪ ಹಿಡಿದು ಗಟ್ಟಿ ಮಾಡಿ, ಬ್ಲೇಡಿನಿಂದ ಮೇಲಿನದನ್ನು ಕೆರೆದರು. ಅರ್ಧ ತಾಸು. ಎಂಟುನೂರು ಅಂದರು, ಏಳುನೂರು ಕೊಟ್ಟೆ. ಫಾಸ್ಟ್ಯಾಗ್ ತನ್ನ ಜಾಗದಲ್ಲೇ ಇತ್ತು.

ಚುಕ್ಕೆ ಪೂರ್ತಿ ಹೋಗಿಲ್ಲ. ಸಂಜೆ ಧಾರವಾಡದ ಕಡೆ ಹೋಗುವಾಗ ಬಿಸಿಲು ಓರೆಯಾಗಿ ಬಿದ್ದರೆ ಸಾಸಿವೆಯಷ್ಟು ಕಾಣುತ್ತದೆ.